1798ರ ಸಂಜೆ ಜೇನ್ ಆಸ್ಟಿನ್ ಕೈಯಲ್ಲಿ ಯಾವ ಪುಸ್ತಕ ಕೊಡಬೇಕು?

ರಂಗಪುಟ (ಪ್ರಶ್ನೆ)

ಸಣ್ಣ ನಾಟಕವೊಂದಕ್ಕೆ ಒಂದು ದೃಶ್ಯ ಬೇಕು. ಕಾಲ 1798ರ ಡಿಸೆಂಬರ್ ಮೂರನೇ ವಾರ. ಜಾಗ ಇಂಗ್ಲೆಂಡಿನ ಹ್ಯಾಂಪ್‌ಶೈರ್, ಸ್ಟೀವನ್‌ಟನ್ ಹಳ್ಳಿಯ ಪಾದ್ರಿಮನೆ. ಜೇನ್ ಆಸ್ಟಿನ್‌ಗೆ ಆಗಷ್ಟೇ 23 ತುಂಬಿದೆ, ಆಕೆಯ ಒಂದು ಕಾದಂಬರಿಯೂ ಇನ್ನೂ ಅಚ್ಚಾಗಿಲ್ಲ.

ಕರಡಿನಲ್ಲಿ ಸದ್ಯ ಇರುವುದು ಇಷ್ಟು: ರಾತ್ರಿ ಊಟ ಮುಗಿದಿದೆ. ಅಕ್ಕ ಕ್ಯಾಸಂಡ್ರಾ ಹೊಲಿಗೆ ಹಿಡಿದು ಕೂತಿದ್ದಾಳೆ. ಜೇನ್ ಕಿಟಕಿ ಪಕ್ಕ ಒಬ್ಬಳೇ, ಚರ್ಮದ ರಟ್ಟಿನ ಕಾದಂಬರಿಯೊಂದನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದಾಳೆ. ಅಪ್ಪ ಒಳಗೆ ಕಾಲಿಟ್ಟ ಕೂಡಲೇ ಪುಸ್ತಕ ಹೊಲಿಗೆಬುಟ್ಟಿಯೊಳಗೆ ಮಾಯ.

ತಿಳಿಯಬೇಕಾದದ್ದು: ಕೈಯಲ್ಲಿ ಯಾವ ಪುಸ್ತಕ, ಅದು ಎಲ್ಲಿಂದ ಬಂತು, ಬೆಳಕು ಯಾವುದು, ಒಂದು ಸಂಜೆಗೆ ಎಷ್ಟು ಪುಟ ಸಾಗುತ್ತದೆ. ಬಚ್ಚಿಡುವ ಭಾಗ ನಿಲ್ಲುತ್ತದೆಯೇ?

ಹಳೆಕಾಗದ

ಬಚ್ಚಿಡುವುದನ್ನು ಮೊದಲು ತೆಗೆಯಿರಿ. ಅದೇ ಡಿಸೆಂಬರ್ 18ರಂದು ಜೇನ್ ಅಕ್ಕನಿಗೆ ಬರೆದ ಪತ್ರವೊಂದು ಉಳಿದಿದೆ. ನಿಮ್ಮ ದೃಶ್ಯಕ್ಕೆ ಬೇಕಾದ ಮುಕ್ಕಾಲು ಪಾಲು ಅದರಲ್ಲೇ ಇದೆ. ಮಿಸೆಸ್ ಮಾರ್ಟಿನ್ ಎಂಬಾಕೆ ಚಂದಾ ಗ್ರಂಥಾಲಯ ತೆರೆಯುತ್ತಿದ್ದಾಳೆ. ಸದಸ್ಯರಾಗಿ ಎಂದು ಕೇಳುವಾಗ, ನಮ್ಮಲ್ಲಿ ಬರೀ ಕಾದಂಬರಿ ಇರುವುದಿಲ್ಲ, ಎಲ್ಲ ಬಗೆಯ ಸಾಹಿತ್ಯವೂ ಇರುತ್ತದೆ ಎಂದು ಸೇರಿಸಿದ್ದಾಳೆ. ಅದಕ್ಕೆ ಜೇನ್ ಹೇಳುವುದು: ನಮ್ಮ ಮನೆಯವರ ಮುಂದೆ ಈ ಬಡಾಯಿ ಬೇಕಿರಲಿಲ್ಲ, ನಾವು ಭಾರೀ ಕಾದಂಬರಿ ಓದುವವರು, ಅದಕ್ಕೆ ನಾಚಿಕೊಳ್ಳುವವರೂ ಅಲ್ಲ.

ಅಪ್ಪನಂತೂ ಕಾದಂಬರಿ ಕಂಡರೆ ಸಿಡುಕುವ ಪಾದ್ರಿಯಲ್ಲ. ಜಾರ್ಜ್ ಆಸ್ಟಿನ್‌ಗೆ ಆಗ 67. ಅದೇ ಅಕ್ಟೋಬರ್ 24ರಂದು ಕೆಂಟ್‌ನಿಂದ ಮನೆಗೆ ಬರುವ ದಾರಿಯಲ್ಲಿ ಡಾರ್ಟ್‌ಫರ್ಡ್ ಊರಿನ ಛತ್ರದಲ್ಲಿ ಅಪ್ಪ, ಅಮ್ಮ, ಜೇನ್ ಮೂವರೂ ತಂಗಿದ್ದಾಗ, ಅಪ್ಪ ಗ್ರಂಥಾಲಯದಿಂದ ತಂದ ‘ಮಿಡ್‌ನೈಟ್ ಬೆಲ್’ ಓದುತ್ತ ಕೂತಿದ್ದಾರೆ ಎಂದು ಮಗಳು ಬರೆಯುತ್ತಾಳೆ. ಆ ವರ್ಷವೇ ಬಂದ ಅಪ್ಪಟ ಭೂತಬಂಗಲೆ ಕಾದಂಬರಿ ಅದು. ಮುಂದೆ ಜೇನ್‌ಳದೇ ಕಾದಂಬರಿ ‘ನಾರ್ತ್ಯಾಂಗರ್ ಅಬ್ಬೆ’ಯಲ್ಲಿ ಹುಡುಗಿಯರು ಓದಲು ಹಂಬಲಿಸುವ ಏಳು ‘ಭಯಾನಕ’ ಪುಸ್ತಕಗಳ ಪಟ್ಟಿಯಲ್ಲಿ ಅದೇ ಹೆಸರು ಬರುತ್ತದೆ. ಮನೆಯಲ್ಲಿ ಅದನ್ನು ಓದುತ್ತಿದ್ದದ್ದು ಹುಡುಗಿಯಲ್ಲ, ಪಾದ್ರಿ.

ಎರಡನೆಯದು, ಕ್ಯಾಸಂಡ್ರಾ ಆ ಕೋಣೆಯಲ್ಲಿ ಇರುವ ಹಾಗಿಲ್ಲ. ಆಕೆ ಆ ಚಳಿಗಾಲವೆಲ್ಲ ಕೆಂಟ್‌ನ ಗಾಡ್‌ಮರ್ಶಮ್‌ನಲ್ಲಿ, ಅಣ್ಣ ಎಡ್ವರ್ಡ್‌ನ ಮನೆಯಲ್ಲಿದ್ದಳು. ಇದ್ದಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ.

ಮೂರನೆಯದು ಹೊತ್ತು. ಪತ್ರದಲ್ಲಿ ಲೆಕ್ಕ ಸ್ಪಷ್ಟವಿದೆ: ಈಗ ನಮ್ಮ ಊಟ ಮೂರೂವರೆಗೆ, ನೀವು ಶುರು ಮಾಡುವ ಮೊದಲೇ ನಮ್ಮದು ಮುಗಿದಿರುತ್ತದೆ, ಚಹಾ ಆರೂವರೆಗೆ, ನಮ್ಮನ್ನು ಕಂಡು ನಿನಗೆ ತಾತ್ಸಾರ ಬಂದೀತು. ಶ್ರೀಮಂತರ ಮನೆಯಲ್ಲಿ ಊಟದ ಹೊತ್ತು ಸಂಜೆಯ ಕಡೆಗೆ ಜರುಗುತ್ತಿದ್ದ ಕಾಲ, ಹಳ್ಳಿಯ ಪಾದ್ರಿಮನೆ ಹಳೇ ಹೊತ್ತಿಗೇ ಅಂಟಿಕೊಂಡಿತ್ತು. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕರ ಸುಮಾರಿಗೆ ಸೂರ್ಯ ಮುಳುಗುತ್ತದೆ. ಹಾಗಾಗಿ ‘ರಾತ್ರಿ ಊಟ ಮುಗಿದಿದೆ’ ಅನ್ನುವುದೂ ತಪ್ಪು, ಕಿಟಕಿ ಪಕ್ಕದ ಓದೂ ತಪ್ಪು. ಚಹಾ ಆದ ಮೇಲೆ, ಬೆಂಕಿಗೂಡಿನ ಹತ್ತಿರ, ಮೇಜಿನ ಬತ್ತಿಯ ಸುತ್ತ ಇಡಿ.

ಇನ್ನು ಪುಸ್ತಕ. ‘ಸಂಜೆ ಅಪ್ಪ ನಮಗೆ ಕೂಪರ್ ಓದಿ ಹೇಳುತ್ತಾರೆ, ಆದಾಗಲೆಲ್ಲ ಕೇಳಿಸಿಕೊಳ್ಳುತ್ತೇನೆ’ ಎಂದು ಅದೇ ಪತ್ರದಲ್ಲಿದೆ. ಓದುವುದು ಅಪ್ಪ, ಜೋರಾಗಿ, ಅದೂ ಕಾದಂಬರಿಯಲ್ಲ, ಕೂಪರ್ ಎಂಬ ಕವಿಯ ಕವಿತೆ. ಮುಂದಿನ ಸಾಲು ಇನ್ನೂ ಚೆಂದ: ನಿಮ್ಮ ಸಂಜೆ ಹೇಗೆ ಕಳೆಯುತ್ತದೆ? ಎಲಿಜಬೆತ್ (ಎಡ್ವರ್ಡ್‌ನ ಹೆಂಡತಿ) ಹೊಲಿಗೆ ಹಾಕುತ್ತಾಳೆ, ನೀನು ಅವಳಿಗೆ ಓದಿ ಹೇಳುತ್ತೀಯ, ಎಡ್ವರ್ಡ್ ನಿದ್ದೆ ಹೋಗುತ್ತಾನೆ, ಅಲ್ಲವೇ? ಇನ್ನೂರು ವರ್ಷ ಹಿಂದಿನ ಮಧ್ಯಮವರ್ಗದ ಓದು ಹೇಗಿತ್ತು ಎಂದು ತಿಳಿಯಲು ಈ ಒಂದು ಸಾಲು ಸಾಕು. ಒಬ್ಬರ ಬಾಯಿ, ಉಳಿದವರ ಕಿವಿ, ಕೈಗೆ ಬೇರೆ ಕೆಲಸ.

ಅಂಚುಪಟ್ಟಿ

ಪುಸ್ತಕ ಎಲ್ಲಿಂದ ಬಂತು ಎಂಬುದಕ್ಕೆ. ಆ ಮನೆಗೆ ಪುಸ್ತಕ ಬರುತ್ತಿದ್ದ ದಾರಿ ನಾಲ್ಕು. ನಿಮ್ಮ ತಾರೀಖಿಗೆ ಅದರಲ್ಲಿ ಒಂದು ಇನ್ನೂ ತೆರೆದಿಲ್ಲ.

ಅಪ್ಪನ ಸ್ವಂತ ಕಪಾಟು ಮೊದಲನೆಯದು. 1801ರಲ್ಲಿ ಬಾತ್‌ಗೆ ಹೊರಡುವಾಗ ವಿಲೇವಾರಿ ಮಾಡಬೇಕಾದ ಸಂಪುಟಗಳು 500ಕ್ಕೂ ಹೆಚ್ಚು ಎಂದು ಜೇನ್ ಬರೆಯುತ್ತಾಳೆ. ಅಣ್ಣ ಜೇಮ್ಸ್ ಅವನ್ನೆಲ್ಲ ಆರಿಸದೆ ಸಗಟಾಗಿ ಸಂಪುಟಕ್ಕೆ ಅರ್ಧ ಗಿನಿಯಂತೆ ಕೊಳ್ಳಲಿ ಎಂದು ಆಕೆಯ ಆಸೆ. ಗಿನಿ ಎಂದರೆ 21 ಶಿಲಿಂಗ್. ಹಳೇ ಪುಸ್ತಕಕ್ಕೆ ಹತ್ತೂವರೆ ಶಿಲಿಂಗ್ ಕೇಳುವುದು ತಂಗಿಯ ಕುಚೇಷ್ಟೆಯೇ. ಹತ್ತು ವರ್ಷದ ನಂತರ ಆಕೆಯ ಮೊದಲ ಕಾದಂಬರಿ ಬಂದಾಗ ಮೂರು ಸಂಪುಟ ಹೊಸದಕ್ಕೇ ಬೆಲೆ 15 ಶಿಲಿಂಗ್.

ಎರಡು, ಅಂಗಡಿಯ ಖರೀದಿ. 1798ರ ನವೆಂಬರ್ 25ರ ಪತ್ರ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಬಾಸ್ವೆಲ್‌ನ ಹೆಬ್ರಿಡೀಸ್ ಪ್ರವಾಸ ಬಂದಿದೆ, ಅವನದೇ ಜಾನ್ಸನ್ ಚರಿತ್ರೆ ಬರಲಿದೆ, ಪುಸ್ತಕದಂಗಡಿಯ ಬರ್ಡನ್ ಹತ್ತಿರ ಉಳಿಯುವ ಹಣಕ್ಕೆ ಕೂಪರ್ ಕೊಳ್ಳುವುದು. ಅಂದರೆ ಹಣ ಅಂಗಡಿಯವನಲ್ಲಿ ಜಮೆ, ಪುಸ್ತಕ ಅದರ ಲೆಕ್ಕಕ್ಕೆ ವಜಾ. ಮೂರು ವಾರದ ನಂತರದ ಪತ್ರದಲ್ಲಿ ಅಪ್ಪ ಕೂಪರ್ ಓದುತ್ತಿದ್ದಾರೆ.

ಅದೇ ನವೆಂಬರ್ ಪತ್ರದಲ್ಲಿ ‘ಆರ್ಥರ್ ಫಿಟ್ಸ್-ಆಲ್ಬಿನಿ’ ಎಂಬ ಹೊಸ ಕಾದಂಬರಿಯ ಸುದ್ದಿಯೂ ಇದೆ. ಬರೆದವನು ಪರಿಚಯದ ಎಜರ್ಟನ್ ಬ್ರಿಜಸ್. ಅವನ ಮನೆಯವರೇ ನಾಚಿಕೊಳ್ಳುವ ಪುಸ್ತಕವನ್ನು ನಾವು ಕೊಳ್ಳುವುದು ಸರಿಯೇ ಎಂದು ಮಗಳಿಗೆ ಇರಿಸುಮುರಿಸು, ಆದರೂ ಅಪ್ಪ ಕೊಂಡರು. ಇಬ್ಬರೂ ಇನ್ನೂ ಮೊದಲ ಸಂಪುಟ ಮುಗಿಸಿಲ್ಲ. ಅಪ್ಪನಿಗೆ ನಿರಾಶೆ. ಮಗಳಿಗೆ ಅದೂ ಇಲ್ಲ, ನಿರೀಕ್ಷೆಯೇ ಇರಲಿಲ್ಲವಂತೆ. ಮೇಜಿನ ಮೇಲೆ ಈ ಪುಸ್ತಕವನ್ನು ಅರ್ಧಕ್ಕೆ ಗುರುತಿಟ್ಟು ಬಿಡಿ. ಬಚ್ಚಿಡುವ ಬದಲು ಅಪ್ಪ ಮಗಳು ಅದನ್ನು ಆಡಿಕೊಳ್ಳಲಿ.

ಮೂರು, ಮುಂಗಡ ಚಂದಾ. ಫ್ಯಾನಿ ಬರ್ನಿಯ ‘ಕಮಿಲಾ’ 1796ರಲ್ಲಿ ಐದು ಸಂಪುಟವಾಗಿ ಬಂದಾಗ ಒಂದು ಗಿನಿ ಮುಂಗಡ ಕೊಟ್ಟವರ ಪಟ್ಟಿಯನ್ನು ಒಳಗೇ ಅಚ್ಚು ಹಾಕಿದರು. ಅದರಲ್ಲಿ ‘ಮಿಸ್ ಜೆ. ಆಸ್ಟಿನ್, ಸ್ಟೀವನ್‌ಟನ್’ ಇದೆ. ಬದುಕಿದ್ದಾಗ ತನ್ನ ಕಾದಂಬರಿಗಳ ಮುಖಪುಟದಲ್ಲಿ ಬರದ ಹೆಸರು ಇನ್ನೊಬ್ಬಳ ಕಾದಂಬರಿಯ ಗಿರಾಕಿಯಾಗಿ ಅಚ್ಚಾಯಿತು. ಆ ಐದು ಸಂಪುಟ ನಿಮ್ಮ ಕಪಾಟಿನಲ್ಲಿ ಕಾಣಬಹುದು.

ನಾಲ್ಕು, ಚಂದಾ ಗ್ರಂಥಾಲಯ. ಇದೇ ತೆರೆಯದ ದಾರಿ. ಮಿಸೆಸ್ ಮಾರ್ಟಿನ್‌ಳದು ಶುರುವಾಗುವುದು ಜನವರಿ 14ಕ್ಕೆ. ನಿಮ್ಮ ಸಂಜೆಗೆ ಅದರ ಪುಸ್ತಕ ಸಿಗದು, ಚೀಟಿ ಮಾತ್ರ ಬಂದಿದೆ. ‘ನನ್ನ ಹೆಸರು, ಅಲ್ಲ ನಿನ್ನ ಹೆಸರು ಕೊಟ್ಟಾಯಿತು, ಹಣ ಅಮ್ಮನದು’ ಎಂದು ಜೇನ್ ಬರೆಯುತ್ತಾಳೆ. ಹಿರಿಯ ಮಗಳೇ ‘ಮಿಸ್ ಆಸ್ಟಿನ್’, ಹಾಗಾಗಿ ಖಾತೆ ಊರಲ್ಲಿಲ್ಲದ ಅಕ್ಕನ ಹೆಸರಿಗೆ, ದುಡ್ಡು ಅಮ್ಮನ ಗಂಟಿನದು, ಓದು ಎಲ್ಲರದು. ಎರಡು ವರ್ಷ ತುಂಬುವ ಮೊದಲೇ, 1800ರ ಅಕ್ಟೋಬರಿನಲ್ಲಿ, ಮಿಸೆಸ್ ಮಾರ್ಟಿನ್ ದಿವಾಳಿ. ಚಂದಾ ಮುಂಗಡ ಬರುತ್ತದೆ, ಆದರೆ ಹೊಸ ಪುಸ್ತಕ ದುಬಾರಿ. ಹಳ್ಳಿಗಾಡಿನಲ್ಲಿ ಸದಸ್ಯರು ಕಮ್ಮಿ, ಮೂರು ಸಂಪುಟದಲ್ಲಿ ಒಂದು ಕಳೆದರೆ ಉಳಿದೆರಡು ದಂಡ.

ರಟ್ಟಿನ ವಿಷಯ: ಹೊಸ ಕಾದಂಬರಿ ಚರ್ಮದ ರಟ್ಟಿನಲ್ಲಿ ಬರುತ್ತಿರಲಿಲ್ಲ. ಬೂದಿ ಅಥವಾ ನೀಲಿ ಕಾಗದ ಅಂಟಿಸಿದ ತೆಳು ಹಲಗೆರಟ್ಟು, ಬೆನ್ನಿಗೆ ಪುಟ್ಟ ಚೀಟಿ, ಅಂಚು ಕತ್ತರಿಸಿರುವುದಿಲ್ಲ. ಚರ್ಮ ಬೇಕಾದವರು ಆಮೇಲೆ ಬೇರೆ ಹಣ ಕೊಟ್ಟು ಕಟ್ಟಿಸಿಕೊಳ್ಳಬೇಕು. ದಪ್ಪವೂ ಅಲ್ಲ. ಕಾದಂಬರಿಯ ಅಳತೆ ಡ್ಯುಯೊಡೆಸಿಮೊ, ಅಂದರೆ ಒಂದು ದೊಡ್ಡ ಹಾಳೆ ಮಡಚಿ 12 ಎಲೆ, 24 ಪುಟ. ಎತ್ತರ ಒಂದು ಗೇಣಿಗಿಂತ ಕಮ್ಮಿ, ಅಂಗೈಗೆ ಕೂರುತ್ತದೆ. ನಮ್ಮ ಪ್ರೆಸ್ಸಿನವರು ಇವತ್ತಿಗೂ ‘ಡೆಮಿ ಒಂದನೇ ಎಂಟು’ ಅನ್ನುವುದು ಇದೇ ಮಡಿಕೆ ಲೆಕ್ಕ. ಅಂಚಿನ ಮಡಿಕೆ ಬಿಡಿಸಲು ಮೂಳೆಯದೋ ದಂತದದೋ ಮೊಂಡು ಚೂರಿ. ಹರಿತವಾದ ಚೂರಿ ಕೊಟ್ಟರೆ ಮಡಿಕೆ ಬಿಟ್ಟು ಪುಟದೊಳಗೇ ಸೀಳಿಕೊಂಡು ಹೋಗುತ್ತದೆ. ನಟಿ ಇದನ್ನು ಮಾಡಿದರೆ ಮಡಿಕೆಯ ಒಳಗಿನಿಂದ ಹೊರಕ್ಕೆ, ಚೂರಿ ಅಡ್ಡ ಮಲಗಿಸಿ, ಒಂದೇ ಎಳೆತದಲ್ಲಿ.

ಕರಿಕುಡಿ

ಬೆಳಕು. ಇದರಲ್ಲಿ ರಂಗದವರು ಎಡವುವುದು ಹೆಚ್ಚು: ಮೂರು ಬತ್ತಿ ಹಚ್ಚಿಟ್ಟು ದೃಶ್ಯ ಮುಗಿಯುವವರೆಗೂ ಯಾರೂ ಅದರತ್ತ ನೋಡುವುದಿಲ್ಲ.

1798ರ ಸಾಧಾರಣ ಬತ್ತಿ ಪ್ರಾಣಿಕೊಬ್ಬಿನದು. ಒಳಗಿನ ದಾರ ಹತ್ತಿಯ ಹೊಸೆದ ದಾರ. ಇವತ್ತಿನ ಬತ್ತಿಯ ದಾರ ಹೆಣೆದದ್ದು, ಉರಿಯುತ್ತ ಒಂದು ಕಡೆ ಬಾಗಿ ತುದಿ ತಾನೇ ಸುಟ್ಟುಹೋಗುತ್ತದೆ. ಆ ಹೆಣಿಗೆ ಬಂದದ್ದು 1820ರ ದಶಕದಲ್ಲಿ. ಅದಕ್ಕೂ ಮೊದಲು ದಾರ ಜ್ವಾಲೆಯೊಳಗೇ ನೆಟ್ಟಗೆ ನಿಂತು ಕರಕಾಗಿ ಬೆಳೆಯುತ್ತಿತ್ತು. ಹತ್ತು ಹದಿನೈದು ನಿಮಿಷ ಬಿಟ್ಟರೆ ಬೆಳಕು ಅರ್ಧಕ್ಕೂ ಕೆಳಗಿಳಿಯುತ್ತದೆ, ಹೊಗೆ ಏಳುತ್ತದೆ, ಕೊಬ್ಬು ಒಂದು ಪಕ್ಕಕ್ಕೆ ಕರಗಿ ಸೋರುತ್ತದೆ. ಅದಕ್ಕೇ ಪೆಟ್ಟಿಗೆ ಅಂಟಿಸಿದ ಕತ್ತರಿ ಇರುತ್ತಿತ್ತು: ಕುಡಿ ಕತ್ತರಿಸಿದ ಕೂಡಲೇ ಕರಕು ಆ ಪೆಟ್ಟಿಗೆಯಲ್ಲೇ ಬೀಳುತ್ತದೆ, ಮೇಜಿನ ಬಟ್ಟೆ ಸುಡುವುದಿಲ್ಲ. ತೀರಾ ಕೆಳಗೆ ಕತ್ತರಿಸಿದರೆ ದೀಪವೇ ಹೋಗುತ್ತದೆ. ಅಪ್ಪ ಓದುತ್ತಿರುವಾಗ ಕೇಳುವವರಲ್ಲಿ ಒಬ್ಬರು ಆಗಾಗ ಎದ್ದು ಕುಡಿ ಕತ್ತರಿಸಲಿ. ಓದು ನಿಲ್ಲಬೇಕಿಲ್ಲ. ಜೇನುಮೇಣದ ಬತ್ತಿಗೆ ಈ ಕಾಟ ಕಮ್ಮಿ, ವಾಸನೆಯೂ ಇಲ್ಲ, ಆದರೆ ಬೆಲೆ ಬೇರೆಯದೇ. ಅದು ಅತಿಥಿಗಳು ಬಂದ ದಿನಕ್ಕೆ.

ಅಡುಗೆಮನೆಯ ಬಾಗಿಲು ತೆರೆದಾಗ ಕಾಣುವ ಬೆಳಕು ಜೊಂಡಿನದಾಗಿರಲಿ. ಜೊಂಡಿನ ಸಿಪ್ಪೆ ಸುಲಿದು, ಒಂದೇ ಒಂದು ಸೀಳು ಉಳಿಸಿ, ಒಳಗಿನ ತಿರುಳನ್ನು ಅಡುಗೆ ಕೊಬ್ಬಿನಲ್ಲಿ ಅದ್ದಿ ಒಣಗಿಸಿದ್ದು. ಸೆಲ್ಬೋರ್ನ್ ಇರುವುದೂ ಅದೇ ಹ್ಯಾಂಪ್‌ಶೈರ್‌ನಲ್ಲೇ. ಅಲ್ಲಿನ ಪ್ರಕೃತಿ ಅಭ್ಯಾಸಿ ಗಿಲ್ಬರ್ಟ್ ವೈಟ್ 1775ರ ನವೆಂಬರ್ 1ರ ಪತ್ರದಲ್ಲಿ ಇದನ್ನು ಗಡಿಯಾರ ಹಿಡಿದು ಅಳೆದಿದ್ದಾನೆ: 2 ಅಡಿ ನಾಲ್ಕೂವರೆ ಅಂಗುಲದ ಜೊಂಡು 57 ನಿಮಿಷ ಉರಿಯಿತು. ಒಂದು ಫಾರ್ದಿಂಗ್‌ಗೆ, ಅಂದರೆ ಕಾಲು ಪೆನ್ನಿಗೆ, ಐದೂವರೆ ಗಂಟೆ ಬೆಳಕು ಎಂದು ಅವನ ಲೆಕ್ಕ. ಓರೆಯಾಗಿ ಇಕ್ಕಳದಲ್ಲಿ ಹಿಡಿಸಿ, ಉರಿದಂತೆ ಮೇಲಕ್ಕೆ ಸರಿಸುತ್ತಿರಬೇಕು.

ಈಗ ಪುಟದ ಲೆಕ್ಕ. ಇಂಗ್ಲಿಷನ್ನು ನಿಧಾನವಾಗಿ ಜೋರಾಗಿ ಓದಿದರೆ ನಿಮಿಷಕ್ಕೆ 150 ಪದ. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಒಟ್ಟು ಸುಮಾರು 1,22,000 ಪದ. 1813ರ ಮೊದಲ ಮುದ್ರಣದ ಮೊದಲ ಸಂಪುಟ 300 ಪುಟ ದಾಟುತ್ತದೆ, ಪುಟಕ್ಕೆ ಹೆಚ್ಚುಕಮ್ಮಿ 140 ಪದ. ಅಂಚು ಅಗಲ, ಸಾಲು ವಿರಳ. ಅಂದರೆ ನಿಮಿಷಕ್ಕೆ ಒಂದು ಪುಟ, ಇಡೀ ಪುಸ್ತಕಕ್ಕೆ ಹದಿಮೂರು ಹದಿನಾಲ್ಕು ಗಂಟೆ.

ಈ ಲೆಕ್ಕವನ್ನು ತಾಳೆ ನೋಡಲು ಒಂದು ಸಂಜೆ ಸಿಕ್ಕಿದೆ. 1813ರ ಜನವರಿ 27ರಂದು, ಜೇನ್ ಆಗ ಇದ್ದ ಚಾಟನ್ ಹಳ್ಳಿಯ ಮನೆಗೆ ಲಂಡನ್ನಿಂದ ಆ ಪುಸ್ತಕದ ಮೊದಲ ಪ್ರತಿ ಬಂತು. ಅವತ್ತು ನೆರೆಯ ಮಿಸ್ ಬೆನ್ ಊಟಕ್ಕೆ ಬಂದಿದ್ದಳು. ಬರೆದವರು ಯಾರೆಂದು ಹೇಳದೆಯೇ ಸಂಜೆ ಕೂತು ಮೊದಲ ಸಂಪುಟದ ಅರ್ಧ ಅವಳಿಗೆ ಓದಿದರು. ಅರ್ಧ ಎಂದರೆ 150 ಪುಟ, ಎರಡೂವರೆ ಗಂಟೆ. ಚಹಾದಿಂದ ಮಲಗುವವರೆಗಿನ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಎರಡನೇ ಸಂಜೆ ಅಷ್ಟು ಸೊಗಸಲಿಲ್ಲ ಎಂದು ಫೆಬ್ರವರಿ 4ರ ಪತ್ರ. ಕಾರಣ ಅಮ್ಮನ ಓಟ: ಪಾತ್ರಗಳು ಆಕೆಗೆ ಚೆನ್ನಾಗಿ ಅರ್ಥವಾಗುತ್ತವೆ, ಆದರೆ ಅವರು ಆಡಬೇಕಾದ ಹಾಗೆ ಆಡಿಸಲು ಬಾರದು. ಕಾದಂಬರಿಕಾರ್ತಿಯೊಬ್ಬಳು ತನ್ನದೇ ಸಂಭಾಷಣೆ ಇನ್ನೊಬ್ಬರ ಬಾಯಲ್ಲಿ ಕೆಡುವುದನ್ನು ಕೇಳುತ್ತ ಸುಮ್ಮನೆ ಕೂತಿರುವ ಸಂಜೆ! ನಾಟಕ ಬೇಕಿದ್ದರೆ ಅದೂ ಇದೆ.

ಕೂಪರ್‌ಗೆ ಈ ವೇಗ ಹೊಂದುವುದಿಲ್ಲ. ಪದ್ಯ ನಿಧಾನ. ‘ದಿ ಟಾಸ್ಕ್’ (1785) ಆರು ಕಾಂಡ, ನಾಲ್ಕನೆಯದರ ಹೆಸರೇ ‘ಚಳಿಗಾಲದ ಸಂಜೆ’. ಪರದೆ ಎಳೆದು, ಬೆಂಕಿ ಕೆದಕಿ, ಚಹಾ ಕುದಿಸುವ ಚಿತ್ರ ಅದರಲ್ಲೇ ಇದೆ. ಪತ್ರದಲ್ಲಿ ಕವಿತೆಯ ಹೆಸರು ಇಲ್ಲ, ಆಯ್ಕೆ ನಿಮ್ಮದು.

ರಂಗಪುಟ

ಕ್ಯಾಸಂಡ್ರಾಳನ್ನು ಕೆಂಟ್‌ಗೆ ಕಳಿಸಿ ಆಯಿತು, ಕಿಟಕಿ ಮುಚ್ಚಿತು. ಇನ್ನೆರಡು ಅನುಮಾನ. ಎಲ್ಲವೂ ಸಾಲದ ಪುಸ್ತಕ, ಎಲ್ಲರೆದುರಿನ ಓದು ಎಂದಾದರೆ, ಆಕೆಗೆ ತನ್ನದೇ ಅನ್ನುವ ಓದು ಇರಲೇ ಇಲ್ಲವೇ? ಮತ್ತೆ, ಅಣ್ಣ ಹೆನ್ರಿ ಬರೆದ ಆಕೆಯ ಪರಿಚಯದಲ್ಲಿ, ಲೇಖಕರಲ್ಲಿ ಆಕೆಗೆ ಜಾನ್ಸನ್, ಕೂಪರ್, ರಿಚರ್ಡ್‌ಸನ್ ಮೆಚ್ಚು, ಫೀಲ್ಡಿಂಗ್ ಅಷ್ಟಕ್ಕಷ್ಟೇ ಎಂದಿದೆ. ಅದನ್ನು ನಂಬಬಹುದೇ?

ಹಳೆಕಾಗದ

ಹೆನ್ರಿಯನ್ನು ಅರ್ಧ ನಂಬಿ. ಜಾನ್ಸನ್, ಕೂಪರ್ ಇಬ್ಬರಿಗೂ ಪತ್ರಗಳಲ್ಲಿ ಸಾಕ್ಷಿ ಇದೆ. ಫೀಲ್ಡಿಂಗ್ ಮಾತು ಬೇರೆ. ಹೆನ್ರಿಯ ಬರಹ 1817ರ ಡಿಸೆಂಬರಿನದು, ತಂಗಿ ತೀರಿ ಐದು ತಿಂಗಳು. ಆ ಹೊತ್ತಿಗೆ ಅವನೂ ಪಾದ್ರಿ. ಫೀಲ್ಡಿಂಗ್‌ನಲ್ಲಿ ಪೋಲಿತನ ಹೆಚ್ಚೆಂದು ಹೆಸರು, ತಂಗಿಯನ್ನು ಅದರಿಂದ ದೂರ ನಿಲ್ಲಿಸುವುದು ಅಣ್ಣನ ಕಾಳಜಿ. ಆದರೆ 1796ರ ಜನವರಿಯ ಪತ್ರದಲ್ಲಿ 20ರ ಜೇನ್ ಪರಿಚಯದ ಯುವಕ ಟಾಮ್ ಲೆಫ್ರಾಯ್‌ನ ತಿಳಿಬಣ್ಣದ ಕೋಟನ್ನು ಗೇಲಿ ಮಾಡುತ್ತ, ಅವನು ಫೀಲ್ಡಿಂಗ್ ಕಾದಂಬರಿಯ ನಾಯಕ ಟಾಮ್ ಜೋನ್ಸ್‌ನ ಭಕ್ತ, ಗಾಯವಾದಾಗ ಟಾಮ್ ಜೋನ್ಸ್ ತೊಟ್ಟ ಬಣ್ಣದ್ದೇ ತೊಡುತ್ತಾನೆ ಅನ್ನುತ್ತಾಳೆ. ನಾಯಕನ ಕೋಟಿನ ಬಣ್ಣ ನೆನಪಿರುವವಳು ಪುಸ್ತಕವನ್ನು ಮೂಸಿ ನೋಡಿ ಬಿಟ್ಟವಳಲ್ಲ. ಅದನ್ನು ಅಕ್ಕನಿಗೆ ವಿವರಿಸದೆ ಬರೆದಿದ್ದಾಳೆ. ಅಕ್ಕನೂ ಓದಿದ್ದಳು.

ಸೋದರಳಿಯ ಜೇಮ್ಸ್ ಎಡ್ವರ್ಡ್ ಆಸ್ಟಿನ್-ಲೀ 1870ರಲ್ಲಿ ತಂದ ನೆನಪಿನ ಪುಸ್ತಕವೂ ಇದೆ. ರಿಚರ್ಡ್‌ಸನ್‌ನ ಏಳು ಸಂಪುಟದ ‘ಸರ್ ಚಾರ್ಲ್ಸ್ ಗ್ರ್ಯಾಂಡಿಸನ್’ ಆಕೆಗೆ ಕರತಲಾಮಲಕ, ಅದರ ದೇವದಾರು ಕೋಣೆಯಲ್ಲಿ ನಡೆದ ಮಾತೆಲ್ಲ ಬಾಯಿಪಾಠ ಎಂಬ ಪ್ರಸಿದ್ಧ ಮಾತು ಅವನದು. ಬಳಸಿಕೊಳ್ಳಿ, ಆದರೆ ನಿಮ್ಮ ದೃಶ್ಯದ ಸಂಜೆ ಅವನು ಪಕ್ಕದ ಡೀನ್ ಹಳ್ಳಿಯ ತೊಟ್ಟಿಲಲ್ಲಿದ್ದ ಒಂದು ತಿಂಗಳ ಕೂಸು ಎಂಬುದು ನೆನಪಿರಲಿ.

ಆಕೆಯ ಮಾತನ್ನೂ ಎಲ್ಲೆಡೆ ಮುಖಬೆಲೆಗೆ ಕೊಳ್ಳಬೇಡಿ. ‘ಲೇಖಕಿಯಾಗುವ ಧೈರ್ಯ ಮಾಡಿದ ಹೆಂಗಸರಲ್ಲೇ ನನ್ನಷ್ಟು ಓದಿಲ್ಲದವಳು ಇನ್ನೊಬ್ಬಳಿಲ್ಲ’ ಎಂದು 1815ರ ಡಿಸೆಂಬರ್ 11ರಂದು ಬರೆದದ್ದು ರಾಜಪ್ರತಿನಿಧಿಯ ಗ್ರಂಥಪಾಲಕ ಕ್ಲಾರ್ಕ್‌ಗೆ. ಅವನು ಪಾದ್ರಿಯೊಬ್ಬನ ಮೇಲೆ ಕಾದಂಬರಿ ಬರೆಯೆಂದು ಬೆನ್ನು ಹತ್ತಿದ್ದ. ಅದು ಜಾರಿಕೊಳ್ಳುವ ವಿನಯ. ಆದರೂ ಓದು ಕಮ್ಮಿ ಎಂಬುದಕ್ಕೆ ಅದನ್ನೇ ಸಾಕ್ಷಿಯಾಗಿ ಕೊಡುವವರು ಇನ್ನೂ ಇದ್ದಾರೆ.

ಪತ್ರಗಳ ಇನ್ನೊಂದು ಓರೆ: ಉಳಿದಿರುವುದು 160ರ ಆಸುಪಾಸು, ಮಿಕ್ಕವುಗಳಲ್ಲಿ ಬಹಳಷ್ಟನ್ನು ಕ್ಯಾಸಂಡ್ರಾ ಸುಟ್ಟಳು. ಉಳಿದವೂ ಬಹುಪಾಲು ಅಕ್ಕತಂಗಿ ಬೇರೆ ಬೇರೆ ಊರಿನಲ್ಲಿದ್ದಾಗ ಬರೆದವು. ಒಟ್ಟಿಗಿದ್ದ ತಿಂಗಳುಗಳಲ್ಲಿ ಏನು ಓದಿದರೆಂಬುದು ಮಾತಿನಲ್ಲೇ ಮುಗಿದುಹೋಯಿತು. 1801ರ ಮೇ ಕೊನೆಯಿಂದ 1804ರ ಸೆಪ್ಟೆಂಬರ್‌ವರೆಗೆ ಒಂದು ಪತ್ರವೂ ಇಲ್ಲ. ಬಾತ್ ಊರಿನ ತುಂಬ ಗ್ರಂಥಾಲಯಗಳಿದ್ದ ಕಾಲ ಅದು. ‘ಪತ್ರದಲ್ಲಿ ಹೆಸರಿಲ್ಲ, ಹಾಗಾಗಿ ಓದಿಲ್ಲ’ ಎಂಬ ತೀರ್ಮಾನ ಅಲ್ಲಿ ಕುಸಿಯುತ್ತದೆ.

ಅಂಚುಪಟ್ಟಿ

‘ತನ್ನದೇ ಓದು’ ಹುಡುಕಬೇಕಾದ ಜಾಗ ಪುಸ್ತಕದ ಅಂಚು. ಗೋಲ್ಡ್‌ಸ್ಮಿತ್‌ನ ನಾಲ್ಕು ಸಂಪುಟದ ಇಂಗ್ಲೆಂಡ್ ಇತಿಹಾಸ (1771) ಮನೆಯಲ್ಲಿತ್ತು. ಅದೂ ಆಕೆಯದಲ್ಲ, ಅಣ್ಣ ಜೇಮ್ಸ್‌ನದು. ಆದರೆ ಅದರ ಅಂಚಿನಲ್ಲಿ ಹುಡುಗಿ ಜೇನ್ ಬರೆದ ಟಿಪ್ಪಣಿ ನೂರಕ್ಕೂ ಹೆಚ್ಚು. ಸ್ಟುವರ್ಟ್ ರಾಜರ ಪಕ್ಷ ಹಿಡಿದು ಲೇಖಕನ ಜೊತೆ ನೇರ ಜಗಳ. ಸದಾ ಮೋಸ ಹೋದ ವಂಶ, ಇವರ ಗುಣ ಯಾರೂ ಒಪ್ಪುವುದಿಲ್ಲ, ತಪ್ಪು ಯಾರೂ ಮರೆಯುವುದಿಲ್ಲ ಎಂಬ ಧಾಟಿ. ಜಗಳ ಅಲ್ಲಿಗೇ ನಿಲ್ಲಲಿಲ್ಲ. 1791ರ ನವೆಂಬರ್ 26ಕ್ಕೆ, 16 ತುಂಬಲು ಮೂರು ವಾರ ಇರುವಾಗ, ತಾನೇ ಒಂದು ಇಂಗ್ಲೆಂಡ್ ಇತಿಹಾಸ ಬರೆದು ಮುಗಿಸಿದಳು, ‘ಪಕ್ಷಪಾತಿ, ಪೂರ್ವಗ್ರಹಿ, ಅಜ್ಞಾನಿ ಇತಿಹಾಸಕಾರ’ನ ಹೆಸರಿನಲ್ಲಿ. ಚಿತ್ರ ಕ್ಯಾಸಂಡ್ರಾಳದು. ಅಂಚಿನಲ್ಲಿ ಗೊಣಗಿದ್ದು ಹಾಳೆಗೆ ಬಂದಾಗ ನಗೆಯಾಯಿತು.

ಹಂಚಿಕೊಂಡು ಓದುವಾಗಲೂ ತೀರ್ಪು ಮಾತ್ರ ಸ್ವಂತದ್ದೇ. 1807ರ ಜನವರಿ, ಸೌತಾಂಪ್ಟನ್: ಮದಾಂ ಡಿ ಜಾನ್ಲೀಯ ‘ಆಲ್ಫೊನ್ಸೀನ್’ ತಂದರು, ಇಪ್ಪತ್ತು ಪುಟಕ್ಕೆ ಅಸಹ್ಯ ಹುಟ್ಟಿತು, ಅನುವಾದವೂ ಕೆಟ್ಟದ್ದು, ವಾಪಸ್ ಕೊಟ್ಟು ‘ಫೀಮೇಲ್ ಕ್ವಿಕ್ಸೋಟ್’ ತಂದರು. ಅದು ಜೇನ್‌ಗೆ ಎರಡನೇ ಓದು, ಮೊದಲಿನಷ್ಟೇ ರುಚಿಸಿತು. ಕೇಳುತ್ತ ಕೂತಿದ್ದ ಅತ್ತಿಗೆಯರಲ್ಲಿ ಒಬ್ಬಳಿಗೆ ಹೊಸದು, ಆಕೆಗೆ ಹಿಡಿಸಿತು. ಇನ್ನೊಬ್ಬಳಿಗೆ ‘ಅದರಲ್ಲೂ ಸುಖವಿಲ್ಲ, ಬೇರೆ ಯಾವ ಪುಸ್ತಕದಲ್ಲೂ ಇಲ್ಲ’. ಪುಸ್ತಕ ಒಂದೇ, ಕೋಣೆ ಒಂದೇ, ಮೂರು ತೀರ್ಪು. ಹೊರಗೆ ಹೋದದ್ದು ಅಕ್ಕನಿಗೆ ಬರೆದ ಒಂದೇ.

ಇನ್ನೊಂದು, ಕಸುಬಿನವಳ ಭಯ. 1811ರ ಏಪ್ರಿಲ್ 30: ಮೇರಿ ಬ್ರಂಟನ್‌ಳ ‘ಸೆಲ್ಫ್-ಕಂಟ್ರೋಲ್’ ಹುಡುಕಿದೆವು, ಸಿಗಲಿಲ್ಲ. ಜಾಣ ಕಾದಂಬರಿ ತೀರಾ ಜಾಣವಾಗಿದ್ದು, ನನ್ನ ಕಥೆ ನನ್ನ ಜನ ಎಲ್ಲ ಅದರಲ್ಲಿ ಮೊದಲೇ ಬಂದುಬಿಟ್ಟಿದ್ದರೆ ಎಂದು ಯಾವಾಗಲೂ ಅರ್ಧ ಅಂಜಿಕೆ. ಆಗ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಅಚ್ಚಿನಲ್ಲಿತ್ತು. 1813ರ ಅಕ್ಟೋಬರಿನಲ್ಲಿ ಅದನ್ನೇ ಮತ್ತೆ ತಿರುವಿ ಹಾಕಿ ಬರೆಯುತ್ತಾಳೆ: ಉದ್ದೇಶ ಒಳ್ಳೆಯದು, ಶೈಲಿ ಸೊಗಸು, ಸಹಜವೆನ್ನುವುದು ಅಥವಾ ಸಂಭವನೀಯವೆನ್ನುವುದು ಒಂದೂ ಇಲ್ಲ. ಅಂಜಿಕೆ ಹೋಗಿದೆ.

ಒಬ್ಬಳೇ ಓದುವ ಜೇನ್ ಬೇಕೇ ಬೇಕೆಂದರೆ 1813ಕ್ಕೆ ಹೋಗಬೇಕು. ಗಾಡ್‌ಮರ್ಶಮ್‌ನಲ್ಲಿ ಎಡ್ವರ್ಡ್‌ನ ದೊಡ್ಡ ಗ್ರಂಥಾಲಯ. ನವೆಂಬರ್ 3ರಂದು ಅದರಲ್ಲಿ ಕೂತು ‘ಈಗ ಐದು ಮೇಜು, 28 ಕುರ್ಚಿ, ಎರಡು ಬೆಂಕಿಗೂಡು, ಎಲ್ಲ ನನ್ನೊಬ್ಬಳಿಗೇ’ ಎಂದು ಬರೆಯುತ್ತಾಳೆ. ಆ ಪುಸ್ತಕಗಳ ಕೈಬರಹದ ಪಟ್ಟಿ 1818ರದು, ಕಪಾಟು ಮತ್ತು ಅರೆಯ ಸ್ಥಾನ ಸಮೇತ. ಅದನ್ನು ಹಿಡಿದು ಗೋಡೆಗೋಡೆಯನ್ನೂ ಅಂತರ್ಜಾಲದಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಅರೆಯಲ್ಲಿ ಇದ್ದದ್ದೆಲ್ಲ ಓದಿದ್ದು ಎಂದು ಮಾತ್ರ ತಿಳಿಯಬೇಡಿ, ಅದು ಎಡ್ವರ್ಡ್‌ನ ಸಂಗ್ರಹ.

ಕರಿಕುಡಿ

1813ರ ಜನವರಿ 24ರ ಪತ್ರ ಬಿಟ್ಟುಹೋಯಿತು. ಓದಿದ್ದು ಬರಹಕ್ಕೆ ಇಳಿಯುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ. ಚಾಟನ್‌ನಲ್ಲಿ ನೆರೆಹೊರೆಯವರು ಸೇರಿ ನಡೆಸುವ ಪುಸ್ತಕ ಸಂಘ. ‘ಪುಸ್ತಕ ಉಕ್ಕಿ ಹರಿಯುತ್ತಿದೆ’ ಅನ್ನುತ್ತಾಳೆ. ಅಮ್ಮನ ಕೈಯಲ್ಲಿ ಸರ್ ಜಾನ್ ಕಾರ್‌ನ ಸ್ಪೇನ್ ಪ್ರವಾಸ, ಮಗಳ ಕೈಯಲ್ಲಿ ಕ್ಯಾಪ್ಟನ್ ಪ್ಯಾಸ್ಲಿಯ ಸೇನಾನೀತಿ ಪ್ರಬಂಧ (1810). ಮೊದಲು ಬೇಡವೆಂದು ತಕರಾರು ತೆಗೆದದ್ದು, ಓದಿದ ಮೇಲೆ ಭಲೇ ಇಷ್ಟವಾಯಿತು. ಅಮ್ಮನ ಪುಸ್ತಕದಲ್ಲಿ ಆಕೆ ಹೆಕ್ಕಿದ್ದು ಒಂದೇ ಚೂರು: ಜಿಬ್ರಾಲ್ಟರಿನಲ್ಲಿ ‘ಗವರ್ನ್‌ಮೆಂಟ್ ಹೌಸ್’ ಎಂಬುದೇ ಇಲ್ಲವಂತೆ, ‘ಕಮಿಷನರ್ ಮನೆ’ ಎಂದು ತಿದ್ದಬೇಕು. ಆಗ ‘ಮ್ಯಾನ್ಸ್‌ಫೀಲ್ಡ್ ಪಾರ್ಕ್’ ಬರೆಯುತ್ತಿದ್ದಳು. ತಿದ್ದಿದಳು, ಅಚ್ಚಿನಲ್ಲಿ ‘ಕಮಿಷನರ್’ ಎಂದೇ ಇದೆ. ಎರಡು ವಾರದ ನಂತರ ಬೇರೆ ಸಂಘದವರ ದಪ್ಪ ಕ್ವಾರ್ಟೊ ಪುಸ್ತಕಗಳ ಮೇಲೆ ಹರಿಹಾಯ್ದು, ವಿಚಾರವನ್ನು ಆಕ್ಟೇವೊ (ಹಾಳೆಗೆ ಎಂಟು ಎಲೆ) ಅಳತೆಗೆ ಇಳಿಸಿದವನು ಅವರಿಗೆ ಅರ್ಥವಾಗಲಾರ ಅನ್ನುತ್ತಾಳೆ. ಕ್ವಾರ್ಟೊ ಹಾಳೆಗೆ ನಾಲ್ಕೇ ಎಲೆ, ಮಡಿಲ ಮೇಲೆ ನಿಲ್ಲದು, ಮೇಜು ಬೇಕು.

ರಂಗಪುಟ

ತಿದ್ದಿದ ರಂಗಸೂಚನೆ: ಸಂಜೆ ಏಳು. ಒಂದು ಕೊಬ್ಬಿನ ಬತ್ತಿ, ಪಕ್ಕದಲ್ಲಿ ಕತ್ತರಿ. ಅಪ್ಪ ‘ದಿ ಟಾಸ್ಕ್’ ನಾಲ್ಕನೇ ಕಾಂಡ ಓದುತ್ತಿದ್ದಾರೆ. ಅಮ್ಮ ಶಾಲು ಹೊದ್ದು ಕುರ್ಚಿಯಲ್ಲಿ. ಮೇಜಿನ ಮೇಲೆ ಬೂದಿ ರಟ್ಟಿನ ‘ಫಿಟ್ಸ್-ಆಲ್ಬಿನಿ’, ಮಿಸೆಸ್ ಮಾರ್ಟಿನ್‌ಳ ಚೀಟಿ. ಜೇನ್ ಕಾಲ ಬಳಿ ಕೂತು ಹೊಲಿಯುತ್ತ ತನ್ಮಯಳಾಗಿ ಕೇಳುತ್ತಿದ್ದಾಳೆ.

ಹಳೆಕಾಗದ

‘ತನ್ಮಯಳಾಗಿ’ ಬೇಡ. ಪತ್ರದ ಮಾತು ‘ಆದಾಗಲೆಲ್ಲ’. ಅಮ್ಮ ಆ ಶರತ್ಕಾಲ ಪೂರಾ ಕಾಯಿಲೆ ಬಿದ್ದಿದ್ದರು. ಐದು ವಾರದ ಮೇಲೆ ಡಿಸೆಂಬರ್ ಮೊದಲಿಗಷ್ಟೇ ಎದ್ದು ಬಂದು ಎಲ್ಲರ ಜೊತೆ ಚಹಾ ಕುಡಿದದ್ದು. ಅಕ್ಕನೂ ಇಲ್ಲ. ಮನೆವಾರ್ತೆ ಜೇನ್ ತಲೆಗೆ ಬಂದಿತ್ತು. ವೈನು ಮತ್ತು ಉಗ್ರಾಣದ ಬೀಗದ ಕೈ ತನ್ನ ಹತ್ತಿರವೇ ಇದೆ, ಈ ಪತ್ರ ಶುರು ಮಾಡಿದ ಮೇಲೆ ಎರಡು ಸಲ ಅಡುಗೆಮನೆಗೆ ಹೇಳಿ ಬರಬೇಕಾಯಿತು ಎಂದು ಅಕ್ಟೋಬರ್ 27ಕ್ಕೇ ಬರೆದಿದ್ದಾಳೆ. ಸೊಂಟಕ್ಕೆ ಬೀಗದ ಕೈಗೊಂಚಲು ಸಿಕ್ಕಿಸಿ. ಕೂಪರ್‌ನ ಹತ್ತನೇ ಸಾಲಿಗೆ ಯಾರಾದರೂ ಕರೆಯಲಿ, ಎದ್ದು ಹೋಗಲಿ, ನಲವತ್ತನೇ ಸಾಲಿಗೆ ಬಂದು ಕೂರಲಿ. ಅಪ್ಪ ಓದು ನಿಲ್ಲಿಸುವುದಿಲ್ಲ.